ಒತ್ತಿದರೆ ಒತ್ತಿದ್ದು ಗೊತ್ತಾಗಬೇಕು

ಹೋದ ವಾರ ನನ್ನ ಫೋನ್ ಆಫ್ ಮಾಡೋದು ಹೇಗೆ ಅಂತ ಹೆಂಡತಿಯ ಫೋನಿನಲ್ಲಿ ಹುಡುಕಿದೆ. ತಮಾಷೆಗೆ ಹೇಳುತ್ತಿಲ್ಲ. ಹೊಸ ಫೋನು, ಬದಿಯಲ್ಲಿ ಪವರ್ ಬಟನ್ ಇದೆ, ಒತ್ತಿ ಹಿಡಿದರೆ ಆಫ್ ಆಗಬೇಕು ಅಲ್ವಾ? ಆಗಲ್ಲ. ಒತ್ತಿ ಹಿಡಿದರೆ ಯಾವುದೋ ಅಸಿಸ್ಟೆಂಟ್ ಎದ್ದು ಕೂತು ಏನು ಸಹಾಯ ಬೇಕು ಅಂತ ಕೇಳುತ್ತದೆ. ಆಫ್ ಆಗು ಮಾರಾಯ, ಅಷ್ಟೇ ಬೇಕಿದ್ದ ಸಹಾಯ. ಕೊನೆಗೆ ಗೊತ್ತಾಗಿದ್ದೇನೆಂದರೆ ಪವರ್ ಬಟನ್ ಜೊತೆಗೆ ವಾಲ್ಯೂಮ್ ಬಟನ್ನನ್ನೂ ಸೇರಿಸಿ ಒತ್ತಿ ಹಿಡಿಯಬೇಕಂತೆ, ಅದನ್ನೂ ಸ್ವಲ್ಪ ಬೇಗ ಬಿಟ್ಟರೆ ಸ್ಕ್ರೀನ್‌ಶಾಟ್ ತೆಗೆದುಬಿಡುತ್ತದೆ. ನನ್ನ ಗ್ಯಾಲರಿಯಲ್ಲಿ ಈಗ ನನ್ನದೇ ಹೋಮ್ ಸ್ಕ್ರೀನಿನ ಏಳೆಂಟು ಫೋಟೋ ಇವೆ.

ಇಡೀ ಫೋನಿಗೆ ಇರೋದೇ ಮೂರು ಬಟನ್. ಪವರ್, ಸೌಂಡ್ ಜಾಸ್ತಿ, ಸೌಂಡ್ ಕಮ್ಮಿ. ಅದರಲ್ಲೂ ಒಂದರ ಕೆಲಸ ಕಿತ್ತುಕೊಂಡಿದ್ದಾರೆ.

ಇದನ್ನು ಅಪ್ಪಯ್ಯನಿಗೆ ಹೇಳಿದಾಗ ಸುಮಾರು ಹೊತ್ತು ನಕ್ಕರು. "ನಂದು ಕೆಂಪು ಒತ್ತಿ ಹಿಡಿದ್ರೆ ಆಫ್ ಆಗ್ತದೆ" ಅಂದರು. ಅವರದ್ದು ಕೀಪ್ಯಾಡ್ ಫೋನ್. ತೀರ್ಥಹಳ್ಳಿ ಕಡೆ ನಮ್ಮದು ಸಣ್ಣ ಅಡಿಕೆ ತೋಟ. ಅಪ್ಪಯ್ಯ ಮತ್ತು ಅವರ ಫೋನ್ ಎರಡೂ ಹೆಚ್ಚಿನ ಹೊತ್ತು ಅಲ್ಲೇ.

ಅವರ ಮೊದಲ ಸೆಟ್ ನೋಕಿಯಾ 1100. 2005ರಲ್ಲಿ ನನ್ನ ಮೊದಲ ಸಂಬಳದಲ್ಲಿ ಕೊಡಿಸಿದ್ದು. 2003ರಲ್ಲಿ ಬಂದ ಆ ಫೋನು ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟ ಆಯಿತು. ಭಾರತಕ್ಕಾಗಿಯೇ ಮಾಡಿದ್ದು ಅಂತ ಅದರ ಜಾಹೀರಾತು ಬರುತ್ತಿತ್ತು. ಕ್ಯಾಮೆರಾ ಇಲ್ಲ, ಬಣ್ಣದ ಸ್ಕ್ರೀನ್ ಇಲ್ಲ, ತಲೆ ಮೇಲೆ ಒಂದು ಟಾರ್ಚ್ ಇತ್ತು. ನಮ್ಮೂರಲ್ಲಿ ಆಗ ಕರೆಂಟು ಬರೋದಕ್ಕಿಂತ ಹೋಗೋದೇ ಜಾಸ್ತಿ, ಹಾಗಾಗಿ ಅರ್ಧ ಊರು ಆ ಟಾರ್ಚಿಗೋಸ್ಕರವೇ ಅದನ್ನು ಕೊಂಡಿತು ಅಂದರೂ ತಪ್ಪಲ್ಲ. ಸಿ ಅಂತ ಬರೆದಿದ್ದ ಬಟನ್ ಒತ್ತಿ ಹಿಡಿದರೆ ಟಾರ್ಚ್ ಹತ್ತುತ್ತಿತ್ತು. ಲಾಕ್ ತೆಗೆಯೋಕೆ ಮಧ್ಯದ ದೊಡ್ಡ ಬಟನ್, ಆಮೇಲೆ ಸ್ಟಾರ್. ಇದನ್ನೆಲ್ಲ ಅಪ್ಪಯ್ಯ ಕಂಬಳಿಯ ಒಳಗೇ ಮಾಡುತ್ತಿದ್ದರು, ಫೋನ್ ಹೊರಗೆ ತೆಗೆಯೋ ಹೊತ್ತಿಗೆ ಬೆಳಕು ಹತ್ತಿರುತ್ತಿತ್ತು.

ಆ ಫೋನಿನ ಕೀಪ್ಯಾಡ್ ಒಂದೇ ತುಂಡಿನ ರಬ್ಬರ್. ಧೂಳು ಒಳಗೆ ಹೋಗಬಾರದು ಅಂತ ಹಾಗೆ ಮಾಡಿದ್ದು. ಒಮ್ಮೆ ಅಪ್ಪಯ್ಯ ಜೋನಿ ಬೆಲ್ಲದ ಕೈಯಲ್ಲಿ ಫೋನ್ ಮುಟ್ಟಿ, 7 ಒತ್ತಿದರೆ ಒಳಗೆ ಹೋದದ್ದು ಮೇಲೆ ಬರದೇ ಕೂತುಬಿಟ್ಟಿತು. ನಾನೇ ಬಿಚ್ಚಿದೆ. ಉಗುರಲ್ಲಿ ಮೇಲಿನ ಕವರ್ ಎಬ್ಬಿಸಿದರೆ ಸಾಕು, ರಬ್ಬರ್ ಹಾಳೆ ಹಲಸಿನ ತೊಳೆಯ ಹಾಗೆ ಕೈಗೆ ಬಂತು. ಸೋಪಿನ ನೀರಲ್ಲಿ ತೊಳೆದು, ಬಟ್ಟೆ ಒಣಗಿಸೋ ತಂತಿಗೆ ಕ್ಲಿಪ್ ಹಾಕಿ ನೇತುಹಾಕಿದೆ. ಅದರ ಅಡಿಯಲ್ಲಿ ಏನಿದೆ ಅಂತ ನೋಡಿದ್ದು ಆವಾಗಲೇ. ಪ್ರತಿ ನಂಬರಿನ ಕೆಳಗೆ ತೊಗರಿಬೇಳೆಯಷ್ಟು ಅಗಲದ ಒಂದು ಲೋಹದ ಗುಬ್ಬಿ, ಬೋರಲು ಹಾಕಿದ ಬಟ್ಟಲಿನ ಹಾಗೆ. ಒತ್ತಿದರೆ ಬಟ್ಟಲು ಒಳಕ್ಕೆ ಕುಸಿದು ಕೆಳಗಿನ ಬೋರ್ಡಿಗೆ ತಾಗುತ್ತದೆ, ಬಿಟ್ಟರೆ ಟಿಕ್ ಅಂತ ಮತ್ತೆ ಏಳುತ್ತದೆ. ಆ ಕುಸಿಯೋದೇ ನಮ್ಮ ಬೆರಳಿಗೆ ಸಿಗೋ ಸುದ್ದಿ. ನಂಬರ್ ಬಿತ್ತು ಅಂತ ಸ್ಕ್ರೀನ್ ಹೇಳೋದು ಆಮೇಲೆ, ಬೆರಳಿಗೆ ಅದಕ್ಕೂ ಮೊದಲೇ ಗೊತ್ತು.

ಇನ್ನೊಂದು ಸಣ್ಣ ವಿಷಯ. 5ರ ಮೇಲೆ ಒಂದು ಚುಕ್ಕಿ ಉಬ್ಬಿರುತ್ತದೆ, ಗಮನಿಸಿದ್ದೀರಾ? ಅದು ಸಿಕ್ಕಿದರೆ ಉಳಿದ ಒಂಬತ್ತೂ ಸಿಕ್ಕ ಹಾಗೆ. ಕಣ್ಣು ಕಾಣದವರಿಗೆ ಅದೇ ದಾರಿ, ಕತ್ತಲಲ್ಲಿ ನಮಗೂ ಅದೇ. ಮೇಲಿನ ಸಾಲಿನಲ್ಲಿ 1, 2, 3 ಬರೋ ಈ ಜೋಡಣೆ ಮೊಬೈಲಿಗೆ ಹುಟ್ಟಿದ್ದೇ ಅಲ್ಲ. ಅಮೆರಿಕದ ಬೆಲ್ ಲ್ಯಾಬ್ಸ್‌ನವರು 1950ರ ದಶಕದಲ್ಲಿ ಜನರನ್ನು ಕೂರಿಸಿ, ಬಟನ್‌ಗಳನ್ನು ಹೇಗೆ ಹೇಗೋ ಜೋಡಿಸಿ, ಯಾವುದರಲ್ಲಿ ತಪ್ಪು ಕಮ್ಮಿ, ಯಾವುದು ಜನಕ್ಕೆ ಹಿಡಿಸುತ್ತೆ ಅಂತ ನೋಡಿ ಆರಿಸಿದ್ದು. 1963ರ ನವೆಂಬರಿನಲ್ಲಿ ಅಲ್ಲಿ ಬಟನ್ ಫೋನ್ ಮಾರಾಟಕ್ಕೆ ಬಂತು. ಸ್ಟಾರ್ ಮತ್ತು ಹ್ಯಾಶ್ 1968ರಲ್ಲಿ ಸೇರಿಕೊಂಡವು. ಕ್ಯಾಲ್ಕುಲೇಟರಿನಲ್ಲಿ ಮಾತ್ರ ಈಗಲೂ ಮೇಲೆ 7, 8, 9. ಸೊಸೈಟಿಯಲ್ಲಿ ಲೆಕ್ಕ ಬರೆಯುವ ನನ್ನ ಚಿಕ್ಕಪ್ಪ ಫೋನ್ ನಂಬರ್ ತಪ್ಪು ಒತ್ತೋದು ಇದೇ ಕಾರಣಕ್ಕಂತೆ. ನನಗೆ ನಂಬಿಕೆ ಇಲ್ಲ, ಆದರೆ ವಾದ ಚೆನ್ನಾಗಿದೆ.

ಮೆಸೇಜ್ ವಿಷಯಕ್ಕೆ ಬರೋಣ. ಹಳೇ ಬಟನ್ ಫೋನ್ ಅಂದ ಕೂಡಲೇ ಕಣ್ಣಲ್ಲಿ ನೀರು ತಂದುಕೊಳ್ಳೋರು ಇದನ್ನು ಮರೆತಿರುತ್ತಾರೆ. ಹನ್ನೆರಡು ಬಟನ್ನಿನಲ್ಲಿ ಇಂಗ್ಲಿಷಿನ 26 ಅಕ್ಷರಗಳನ್ನೇ ಒಂದರ ಮೇಲೊಂದು ಕೂರಿಸಿದ್ದರು. ಕನ್ನಡದ ಸ್ವರ, ವ್ಯಂಜನ, ಕಾಗುಣಿತ, ಒತ್ತು ಎಲ್ಲಿ ಹಾಕೋದು? ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಬರ್ತೀನಿ ಅಂತ ಬರೆಯೋಕೆ ಬಿ ಬೇಕು, 2 ಎರಡು ಸಲ. ಎ ಕೂಡ ಅದೇ 2, ಹಾಗಾಗಿ ಒಂದು ಕ್ಷಣ ಕಾಯಬೇಕು, ಕಾಯದೇ ಒತ್ತಿದರೆ ಸಿ ಆಗಿಬಿಡುತ್ತದೆ. ಆರ್‌ಗೆ 7 ಮೂರು ಸಲ, ಟಿಗೆ 8 ಒಂದು ಸಲ, ಐಗೆ 4 ಮೂರು ಸಲ, ಎನ್‌ಗೆ 6 ಎರಡು ಸಲ, ಮತ್ತೆ ಐಗೆ ಮೂರು ಸಲ. ಒಟ್ಟು 15 ಒತ್ತು, ಒಂದು ಬರ್ತೀನಿಗೆ. ಇದನ್ನು ಬಸ್ಸಿನಲ್ಲಿ ನಿಂತು, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದು ಕೈಯಲ್ಲಿ ಕಿಟಕಿ ಆಚೆ ನೋಡುತ್ತಾ ಮಾಡುತ್ತಿದ್ದೆವು ಅನ್ನೋದು ಈಗ ಯೋಚಿಸಿದರೆ ನನಗೇ ಆಶ್ಚರ್ಯ.

ಟಿ9 ಅಂತ ಒಂದು ಬಂತು, ಒಂದೊಂದು ಅಕ್ಷರಕ್ಕೆ ಒಂದೇ ಸಲ ಒತ್ತಿದರೆ ಪದ ಅದೇ ಊಹಿಸುತ್ತೆ ಅಂತ. ಇಂಗ್ಲಿಷಿಗೆ ಅದು ವರ. ಕನ್ನಡಕ್ಕೆ ದೇವರೇ ಗತಿ. ಊಟ ಅಂತ ಬರೆಯೋಕೆ ಓ, ಓ, ಟಿ, ಎ ಒತ್ತಿದರೆ 6682. ಅದೇ ನಾಲ್ಕು ಬಟನ್ನಿಗೆ ನೋವಾ ಅನ್ನೋ ಇಂಗ್ಲಿಷ್ ಪದವೂ ಬರುತ್ತದೆ. ಅಮ್ಮ ಊರಿಗೆ ಹೋಗಿದ್ದಾಗ ಊಟ ಆಯ್ತಾ ಅಂತ ಕೇಳೋಕೆ ಹೋಗಿ ನೋವಾ ಆಯ್ತಾ ಅಂತ ಕಳಿಸಿ, ಅವರು ಗಾಬರಿಯಲ್ಲಿ ವಾಪಸ್ ಫೋನ್ ಮಾಡಿದ್ದು ನಮ್ಮ ಮನೆಯಲ್ಲಿ ಇವತ್ತಿಗೂ ಕತೆ.

2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಫೋನ್ ತೋರಿಸಿದಾಗ ಮೊದಲು ತೆಗಳಿದ್ದೇ ಬಟನ್‌ಗಳನ್ನು. ಬ್ಲ್ಯಾಕ್‌ಬೆರಿ, ನೋಕಿಯಾ, ಪಾಮ್, ಮೊಟೊರೊಲಾ ನಾಲ್ಕರ ಫೋಟೋ ಹಾಕಿ, ತೊಂದರೆ ಇರೋದು ಈ ಕೆಳಗಿನ ಭಾಗದಲ್ಲಿ ಅಂದರು. ಬೇಕಿರಲಿ ಬೇಡದಿರಲಿ ಪ್ಲಾಸ್ಟಿಕ್ ಬಟನ್ ಅಲ್ಲೇ ಕೂತಿರುತ್ತೆ, ಆರು ತಿಂಗಳಾದ ಮೇಲೆ ಹೊಸ ಐಡಿಯಾ ಬಂದರೆ ಮಾರಿದ ಫೋನಿಗೆ ಹೊಸ ಬಟನ್ ಅಂಟಿಸೋಕೆ ಆಗಲ್ಲ, ಅನ್ನೋದು ಅವರ ವಾದ. ಒಪ್ಪಬೇಕಾದ ವಾದವೇ. ಆ ಮೊದಲ ಐಫೋನಿನ ಮುಂದೆ ಉಳಿದಿದ್ದು ಒಂದೇ ಒಂದು ಬಟನ್, ಹೋಮ್. ಬದಿಯಲ್ಲಿ ವಾಲ್ಯೂಮ್, ರಿಂಗ್ ಬಂದ್ ಮಾಡೋ ಸಣ್ಣ ಸ್ವಿಚ್ಚು, ಮೇಲೆ ಇನ್ನೊಂದು.

ಉಳಿದವರು ತಕ್ಷಣ ಬಿಡಲಿಲ್ಲ. 2008ರ ಮೊದಲ ಆಂಡ್ರಾಯ್ಡ್ ಫೋನಿಗೆ ಜಾರಿಸುವ ಕೀಬೋರ್ಡು, ಉರುಳಿಸುವ ಚೆಂಡು, ಹಸಿರು, ಕೆಂಪು ಎಲ್ಲ ಇತ್ತು. ಅದೇ ವರ್ಷ ಬ್ಲ್ಯಾಕ್‌ಬೆರಿಯವರು ಸ್ಟಾರ್ಮ್ ಅಂತ ಒಂದು ತಂದರು, ಅದರಲ್ಲಿ ಇಡೀ ಸ್ಕ್ರೀನೇ ಒಂದು ಬಟನ್, ಅಕ್ಷರ ಮುಟ್ಟಿ ಆಮೇಲೆ ಗಾಜನ್ನೇ ಒಳಕ್ಕೆ ಒತ್ತಬೇಕು. ಬಟನ್ನಿನ ಮೇಲಿನ ಪ್ರೀತಿಗೆ ಮನುಷ್ಯ ಏನೇನು ಮಾಡುತ್ತಾನೆ ನೋಡಿ. ಜನಕ್ಕೆ ಹಿಡಿಸಲಿಲ್ಲ. ಅವರ ಹಳೇ ಫೋನುಗಳ ಸರ್ವಿಸ್ 2022ರ ಜನವರಿ 4ಕ್ಕೆ ನಿಂತೇ ಹೋಯಿತು.

ಹೋಮ್ ಬಟನ್ ಸತ್ತ ರೀತಿ ಮಾತ್ರ ನನಗೆ ತುಂಬಾ ಇಷ್ಟ. ಬೆಂಗಳೂರಿನ ನನ್ನ ಮೊದಲ ಆಫೀಸಿನಲ್ಲಿ ಐಫೋನ್ ಇದ್ದವರ ಸ್ಕ್ರೀನಿನ ಮೂಲೆಯಲ್ಲಿ ಒಂದು ಬಿಳಿ ಉಂಡೆ ತೇಲುತ್ತಿತ್ತು. ಅಸಿಸ್ಟಿವ್ ಟಚ್ ಅಂತ ಅದರ ಹೆಸರು, 2011ರಲ್ಲಿ ಬಂದದ್ದು, ಬಟನ್ ಒತ್ತಲು ಕಷ್ಟ ಇರುವವರಿಗೆ ಅಂತ ಮಾಡಿದ್ದು. ನಮ್ಮವರು ಅದನ್ನು ಹಾಕಿಕೊಂಡಿದ್ದು ಹೋಮ್ ಬಟನ್ ಸವೆಯಬಾರದು ಅಂತ! ಹೊಸ ಸೋಫಾದ ಪ್ಲಾಸ್ಟಿಕ್ ತೆಗೆಯದೇ ಕೂರೋ ಮನಸ್ಸೇ ಇದು. ಫೋನ್ ಮಾರೋವಾಗ ಬಟನ್ ಗಟ್ಟಿ ಇದ್ದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತೆ ಅಲ್ವಾ. ಆಮೇಲೆ 2016ರಲ್ಲಿ ಐಫೋನ್ 7 ಬಂತು. ಅದರ ಹೋಮ್ ಬಟನ್ ನೋಡೋಕೆ ಬಟನ್, ಒತ್ತಿದರೆ ಟಿಕ್ ಅಂದ ಹಾಗೇ ಇರುತ್ತದೆ, ಆದರೆ ಏನೂ ಅಲುಗಾಡಲ್ಲ, ಒಳಗೆ ಒಂದು ಸಣ್ಣ ಮೋಟಾರು ನಡುಗಿ ಬೆರಳಿಗೆ ಟೋಪಿ ಹಾಕುತ್ತದೆ. ಫೋನ್ ಆಫ್ ಮಾಡಿ ಒತ್ತಿ ನೋಡಿದರೆ ಗೊತ್ತಾಗೋದು, ಕಲ್ಲು ಒತ್ತಿದ ಹಾಗೆ. ನಾನು ಗೆಳೆಯನ ಫೋನಲ್ಲಿ ಇದನ್ನು ನೋಡಿ ನಿಜಕ್ಕೂ ಮೋಸ ಹೋದವನ ಹಾಗೆ ಕೂತಿದ್ದೆ. ಮರುವರ್ಷ ಐಫೋನ್ ಎಕ್ಸ್‌ನಲ್ಲಿ ಆ ನಾಟಕವೂ ಇಲ್ಲ. ಅದೇ 2017ರಲ್ಲಿ ಸ್ಯಾಮ್‌ಸಂಗ್ ಕೂಡ ಗ್ಯಾಲಕ್ಸಿ ಎಸ್8ರಲ್ಲಿ ಮುಂದಿನ ಬಟನ್ ತೆಗೆದುಹಾಕಿತು.

ಯಾಕೆ ತೆಗೆದರು ಅನ್ನೋದರಲ್ಲಿ ಗುಟ್ಟೇನಿಲ್ಲ. ಬಟನ್ ಜಾಗ ತಿನ್ನುತ್ತದೆ, ಆ ಜಾಗ ಸ್ಕ್ರೀನಿಗೆ ಬೇಕು. ಅಲುಗಾಡುವ ವಸ್ತು ಒಂದಲ್ಲ ಒಂದು ದಿನ ಸವೆಯುತ್ತದೆ. ಬಟನ್ ಇದ್ದಲ್ಲಿ ಸಂದು ಇರುತ್ತದೆ, ಸಂದು ಇದ್ದಲ್ಲಿ ನೀರು ಹೋಗುತ್ತದೆ. ಒಂದೊಂದು ದೇಶಕ್ಕೆ ಒಂದೊಂದು ಅಕ್ಷರ ಅಚ್ಚು ಹಾಕೋ ರಗಳೆಯೂ ಇಲ್ಲ.

ಈ ಕೊನೇ ಮಾತೇ ನನ್ನ ಬಾಯಿ ಮುಚ್ಚಿಸೋದು. ಗಾಜಿನ ಮೇಲೆ ಯಾವ ಅಕ್ಷರ ಬೇಕಾದರೂ ಬರೆಯಬಹುದು, ಅಂದರೆ ಕನ್ನಡವೂ. 2012ರಲ್ಲಿ ಆಂಡ್ರಾಯ್ಡ್ 4.1ರ ಜೊತೆಗೆ ಕನ್ನಡದ ಫಾಂಟ್ ಬಂತು. ಅದಕ್ಕೂ ಮುಂಚೆ ನನ್ನ ಫೋನಿನಲ್ಲಿ ಕನ್ನಡ ಅಂದರೆ ಸಾಲಾಗಿ ಖಾಲಿ ಡಬ್ಬಿಗಳು. ಈಗ ಅಮ್ಮ ವಾಟ್ಸಾಪಿನಲ್ಲಿ ದಿನಾ ಬೆಳಿಗ್ಗೆ ಪಂಚಾಂಗದ ಸಮೇತ ಕನ್ನಡದಲ್ಲಿ ಬರೆಯುತ್ತಾರೆ, ಒತ್ತಕ್ಷರ ಒಂದೂ ತಪ್ಪಲ್ಲ. ಈ ಬರಹವನ್ನೂ ಅರ್ಧ ಮೆಟ್ರೋದಲ್ಲಿ, ಫೋನಿನ ಗಾಜು ಸವರಿಯೇ ಬರೆದಿದ್ದೇನೆ. ಕೀಪ್ಯಾಡ್ ಫೋನೇ ಉಳಿದಿದ್ದರೆ ನಾವು ಇನ್ನೂ ನೋವಾ ಆಯ್ತಾ ಅಂತಲೇ ಕೇಳುತ್ತಿದ್ದೆವೋ ಏನೋ.

ಹಾಗಾಗಿ ಹನ್ನೆರಡು ಬಟನ್ ವಾಪಸ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಬರೆಯೋಕೆ ಗಾಜೇ ಸರಿ. ಕಾಲ್ ಎತ್ತೋದು, ಇಡೋದು, ರಿಂಗ್ ನಿಲ್ಲಿಸೋದು, ಟಾರ್ಚ್ ಹಾಕೋದು, ಮನೆಯವರಿಗೆ ಫೋನ್ ಮಾಡೋದು, ಈ ನಾಲ್ಕೈದಕ್ಕೆ ಯಾಕೆ ಕಣ್ಣು ಬೇಕು ಅನ್ನೋದು ನನ್ನ ತಕರಾರು. ಇದು ನನಗೆ ಸರಿಯಾಗಿ ತಿಳಿದದ್ದು ಹೋದ ಮಳೆಗಾಲದಲ್ಲಿ.

ನಮ್ಮ ಕಡೆ ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗ. ಅದಕ್ಕೆ ಬೋರ್ಡೋ ಔಷಧಿ ಹೊಡೀಬೇಕು, 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಸ್ವಲ್ಪ ಹೊಳವಾದ ಕೂಡಲೇ ಕೆಲಸ ಮುಗಿಸಬೇಕು, ಹಾಗಾಗಿ ಆ ದಿನ ಎಲ್ಲರೂ ಓಡುತ್ತಿರುತ್ತಾರೆ. ಡ್ರಮ್ಮು, ಪಂಪು ಎಲ್ಲ ಮೇಲೆ ರಸ್ತೆ ಬದಿಯ ಶೆಡ್ಡಿನಲ್ಲಿ, ಪೈಪು ತೋಟದೊಳಕ್ಕೆ ಇಳಿದಿರುತ್ತದೆ. ಒಬ್ಬ ಮರದ ಮೇಲೆ. ಒಬ್ಬ ಪಂಪಿನ ಹತ್ತಿರ. ಅಪ್ಪಯ್ಯ ಮರದ ಬುಡದಲ್ಲಿ ಪೈಪು ಹಿಡಿದುಕೊಂಡು ತಲೆ ಎತ್ತಿ ನೋಡುತ್ತಾ ನಿಂತಿರುತ್ತಾರೆ, ಮೊಣಕೈವರೆಗೂ ತಿಳಿನೀಲಿ. ಪಂಪಿನ ಸದ್ದಿಗೆ ಕೂಗಿದರೆ ಯಾರಿಗೂ ಕೇಳಲ್ಲ.

ಮೇಲಿದ್ದವನು ಕೈ ಬೀಸಿದ. ಒಂದು ಮರದಿಂದ ಪಕ್ಕದ ಮರಕ್ಕೆ ದಾಟಬೇಕು, ಪಂಪ್ ನಿಲ್ಲಬೇಕು. ನಾನು ಹತ್ತಿರವೇ ಇದ್ದೆ, ಉತ್ಸಾಹದಲ್ಲಿ ನನ್ನ ಫೋನ್ ತೆಗೆದೆ. ಕೈ ಒದ್ದೆ. ಬೆರಳಚ್ಚು ತಗೊಳ್ಳಲಿಲ್ಲ. ಪಾಸ್‌ವರ್ಡ್ ಹಾಕೋಕೆ ಹೋದರೆ 4 ಮುಟ್ಟಿದರೆ 7 ಬೀಳುತ್ತಿದೆ, ಮೇಲಿನಿಂದ ಉದುರಿದ ಹನಿಗಳು ನನಗಿಂತ ಮೊದಲೇ ನಂಬರ್ ಒತ್ತುತ್ತಿವೆ. ಈ ಸ್ಕ್ರೀನುಗಳು ನಮ್ಮ ಬೆರಳನ್ನು ಗುರುತಿಸೋದೇ ಮೈಯಲ್ಲಿ ವಿದ್ಯುತ್ ಹರಿಯುತ್ತದೆ ಅನ್ನೋ ಕಾರಣಕ್ಕೆ. ನೀರಿನಲ್ಲೂ ಹರಿಯುತ್ತದೆ, ಮೈಲುತುತ್ತ ಕರಗಿದ ನೀರಿನಲ್ಲಂತೂ ಕೇಳೋದೇ ಬೇಡ. ಪಾಪ, ಅದಕ್ಕೆ ಯಾವುದು ಬೆರಳು ಯಾವುದು ಹನಿ ಅಂತ ಹೇಗೆ ಗೊತ್ತಾಗಬೇಕು. ನಾನು ಅಂಗಿಗೆ ಒರೆಸಿದೆ, ಅಂಗಿಯೂ ಒದ್ದೆ.

ಅಷ್ಟರಲ್ಲಿ ಪಂಪ್ ನಿಂತಿತ್ತು.

ಅಪ್ಪಯ್ಯ ಮರದ ಮೇಲಿಂದ ಕಣ್ಣು ಕೆಳಗೆ ಇಳಿಸಿರಲೇ ಇಲ್ಲ. ಅವರ ಫೋನು ಹಾಲಿನ ಪ್ಯಾಕೆಟಿನೊಳಗೆ, ಪ್ಯಾಕೆಟು ಅಂಗಿ ಜೇಬಿನೊಳಗೆ, ಬಾಯಿಗೆ ರಬ್ಬರ್ ಬ್ಯಾಂಡು. ಜೇಬಿನ ಮೇಲಿಂದಲೇ, ಬಟ್ಟೆ ಮತ್ತು ಪ್ಲಾಸ್ಟಿಕ್ಕಿನ ಹೊರಗಿನಿಂದ, ಹೆಬ್ಬೆರಳಲ್ಲಿ 4 ಹುಡುಕಿ ಒತ್ತಿ ಹಿಡಿದಿದ್ದರು. 2 ಅಂದರೆ ಮನೆ, 3 ಅಂದರೆ ನಾನು, 4 ಅಂದರೆ ಪಂಪಿನ ಹತ್ತಿರ ಇರೋ ಹುಡುಗ. ಅವನು ಎತ್ತೋದೂ ಬೇಡ, ರಿಂಗ್ ಆದರೆ ನಿಲ್ಲಿಸು, ಇನ್ನೊಮ್ಮೆ ಆದರೆ ಶುರು ಮಾಡು ಅಂತ ಮೊದಲೇ ಮಾತಾಗಿದೆ. ದುಡ್ಡೂ ಖರ್ಚಿಲ್ಲ.

"ಎಂತ ಮಾಡ್ತಾ ಇದ್ದೆ ಅದ್ರಲ್ಲಿ?" ಅಂತ ನನ್ನ ಫೋನ್ ಕಡೆ ನೋಡಿ ಕೇಳಿದರು. ಎಂತ ಹೇಳೋದು.

ಅವರಿಗೂ ಒಂದು ಟಚ್ ಫೋನ್ ಇದೆ, ಮೊಮ್ಮಗಳ ಮುಖ ನೋಡೋಕೆ ಅಂತ ನಾನೇ ತಂದುಕೊಟ್ಟದ್ದು. ಅದು ಟಿವಿ ಪಕ್ಕ, ಅಮ್ಮ ಕಸೂತಿ ಹಾಕಿದ ಬಟ್ಟೆಯ ಮೇಲೆ ಮಲಗಿರುತ್ತದೆ. ಅದರಲ್ಲಿ ಕಾಲ್ ಬಂದರೆ ಹಸಿರು ಉಂಡೆಯನ್ನು ಒತ್ತಬಾರದು, ಎಳೀಬೇಕು. ಅಪ್ಪಯ್ಯ ಒತ್ತುತ್ತಾರೆ. ಗಟ್ಟಿಯಾಗಿ ಒತ್ತುತ್ತಾರೆ. ಅಡಿಕೆ ಸುಲಿದು ಸುಲಿದು ದಪ್ಪಗಾದ ಹೆಬ್ಬೆರಳು, ಗಾಜಿಗೆ ಅದರ ಗುರುತೇ ಸಿಗಲ್ಲ. "ಒತ್ತಿದ್ರೆ ಒತ್ತಿದ್ದು ಗೊತ್ತಾಗ್ಬೇಕು ಮಾರಾಯ, ಇದೆಂತ ಇದು, ದೇವಸ್ಥಾನದ ಗಂಧ ತೇಯ್ದ ಹಾಗೆ" ಅಂತ ಬೈಯುತ್ತಾರೆ.

ಬಟನ್ ಪೂರ್ತಿ ಇಲ್ಲದ ಫೋನನ್ನೂ ಮಾಡಿ ನೋಡಿದ್ದಾರೆ ಅನ್ನಿ. 2019ರಲ್ಲಿ ಚೀನಾದ ಮೇಯ್ಜು (Meizu) ಅನ್ನೋ ಫೋನ್ ಕಂಪನಿ ಜೀರೋ ಅಂತ ಒಂದು ತೋರಿಸಿತು, ಬಟನ್ ಇಲ್ಲ, ಚಾರ್ಜರ್ ತೂತೂ ಇಲ್ಲ. ಮುಂಗಡ ಕೊಡಿ ಅಂತ ಜನರನ್ನು ಕೇಳಿದರು, ಅಂದುಕೊಂಡಷ್ಟು ದುಡ್ಡು ಸೇರಲಿಲ್ಲ. ಈಗ ಗಾಳಿ ಸ್ವಲ್ಪ ತಿರುಗಿದ ಹಾಗಿದೆ. 2023ರಲ್ಲಿ ಐಫೋನ್ 15 ಪ್ರೋಗೆ ಆಕ್ಷನ್ ಬಟನ್ ಬಂತು, 2024ರಲ್ಲಿ 16ಕ್ಕೆ ಕ್ಯಾಮೆರಾಗೇ ಒಂದು. ಆದರೆ ಆಕ್ಷನ್ ಬಟನ್ ಕೂತಿದ್ದು ರಿಂಗ್ ಬಂದ್ ಮಾಡೋ ಆ ಹಳೇ ಸ್ವಿಚ್ಚಿನ ಜಾಗದಲ್ಲಿ, ಅದು ನನಗೆ ಬೇಜಾರು. ಜೇಬಿಗೆ ಕೈ ಹಾಕಿ ಸವರಿದರೆ ಸೈಲೆಂಟಿನಲ್ಲಿದೆಯಾ ಇಲ್ವಾ ಅಂತ ಗೊತ್ತಾಗುತ್ತಿತ್ತು. ಕಾರಿನವರಿಗೂ ಬುದ್ಧಿ ಬರುತ್ತಿದೆ, ಇಂಡಿಕೇಟರ್, ವೈಪರ್, ಹಾರ್ನ್ ಇವಕ್ಕೆಲ್ಲ ಕೈಗೆ ಸಿಗೋ ಬಟನ್ನೋ ಕಡ್ಡಿಯೋ ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಸಿಗೋದು ಕಷ್ಟ ಅಂತ ಯುರೋಪಿನ ಕಾರು ಸುರಕ್ಷತೆಯ ಪರೀಕ್ಷೆ ನಡೆಸೋ ಯೂರೋ ಎನ್‌ಕ್ಯಾಪ್ ಹೇಳಿದೆ.

ದೀಪಾವಳಿಗೆ ಊರಿಗೆ ಹೋದಾಗ ಅಪ್ಪಯ್ಯನ ಫೋನಿನ 4 ಹರಿದಿತ್ತು. ರಬ್ಬರು ಕಿತ್ತು ಹೋಗಿ, ಒಳಗಿನ ಬಿಳಿ ಸ್ಟಿಕ್ಕರು ಕಾಣುತ್ತಿತ್ತು. ಕಡ್ಡಿಪೆಟ್ಟಿಗೆಯ ಕಡ್ಡಿಯಲ್ಲಿ ಚುಚ್ಚಿ ನಡೆಸುತ್ತಿದ್ದರು. ಪೇಟೆಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ನೋಡಿದವನೇ, "ಇದ್ರ ಕೀಪ್ಯಾಡ್ ಈಗ ಬರಲ್ಲ ಯಜಮಾನ್ರೇ, ಹೊಸ ಸೆಟ್ಟೇ ತಗೊಂಡ್‌ಬಿಡಿ" ಅಂದ. ಗಾಜಿನ ಪೆಟ್ಟಿಗೆಯ ಕೆಳಗಿನ ಸಾಲಿನಿಂದ, ಮುಂದೆ ಜೋಡಿಸಿದ್ದ ಟಚ್ ಫೋನುಗಳನ್ನೆಲ್ಲ ಸರಿಸಿ, ಮೂರು ಕೀಪ್ಯಾಡ್ ಫೋನ್ ತೆಗೆದಿಟ್ಟ. ಒಂದರಲ್ಲಿ ಯುಪಿಐ ಆಗುತ್ತೆ, ಒಂದರಲ್ಲಿ ಎಫ್‌ಎಂ ಜೋರಾಗಿ ಕೇಳುತ್ತೆ, ಇನ್ನೊಂದರ ಬ್ಯಾಟರಿ ವಾರ ಬರುತ್ತೆ ಅಂತ ಶುರು ಮಾಡಿದ.

ಅಪ್ಪಯ್ಯ ಯಾವುದನ್ನೂ ಆನ್ ಮಾಡಲಿಲ್ಲ. ಒಂದೊಂದೇ ಎತ್ತಿಕೊಂಡರು. ಬಾಗಿಲಿನ ಆಚೆ ಶಿವಮೊಗ್ಗ ಬಸ್ಸು ಹಿಂದಕ್ಕೆ ಬರುತ್ತಿತ್ತು, ಅದನ್ನೇ ನೋಡುತ್ತಾ ಹೆಬ್ಬೆರಳಲ್ಲಿ 5ರ ಚುಕ್ಕಿ ಹುಡುಕಿ, ಅಲ್ಲಿಂದ ಎಡಕ್ಕೆ ಸರಿದು 4 ಒತ್ತಿದರು. ಮೊದಲನೆಯದನ್ನು ಕೆಳಗಿಟ್ಟರು. ಎರಡನೆಯದನ್ನೂ ಇಟ್ಟರು. ಮೂರನೆಯದನ್ನು ನಾಲ್ಕೈದು ಸಲ ಒತ್ತಿ, ಕಿವಿ ಹತ್ತಿರ ಹಿಡಿದು ಇನ್ನೊಂದು ಸಲ ಒತ್ತಿ, "ಇದಾಗ್ಬೋದು, ಎಷ್ಟು?" ಅಂದರು.